ಬಂದು ಹೋಗುವ ಕರೆಂಟ್ ದೋಷ: ಸ್ಕ್ಯಾನರ್ ಕೊಳ್ಳಬೇಕೋ, ಮಲ್ಟಿಮೀಟರೋ?

ಸ್ಪೋರ್ಟ್ಸ್ ಕಾರು ಓಡುತ್ತಿದ್ದಂತೆ ಮೀಟರ್ ಮುಳ್ಳುಗಳೆಲ್ಲ ಒಮ್ಮೆ ಕುಣಿದು ಸುಮ್ಮನಾಗುತ್ತವೆ. ಗ್ಯಾರೇಜಿಗೆ ಒಯ್ದರೆ ಎಲ್ಲ ಸರಿ! ಒಂದೇ ಉಪಕರಣಕ್ಕೆ ದುಡ್ಡು ಹಾಕುವುದಾದರೆ ನನ್ನ ಮತ ವೋಲ್ಟೇಜ್ ಅಳೆಯುವ ಮಲ್ಟಿಮೀಟರಿಗೆ, ಅದರಲ್ಲೂ ಲೋಟಸ್ ಎಲೀಸ್‌ನಂಥ ಕಾರಿದ್ದರೆ.

ಕಾರಣವಿದೆ. ಎಲೀಸ್‌ನ ಮೈ ಫೈಬರ್‌ಗ್ಲಾಸ್, ಚಾಸಿ ಅಲ್ಯೂಮಿನಿಯಂ. ಫೈಬರ್ ಕರೆಂಟ್ ಹರಿಸುವುದಿಲ್ಲವಾದ್ದರಿಂದ ದೀಪಗಳಿಗೂ ಅರ್ಥ್ ವೈರ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ತಂತಿ) ಎಳೆಯಲೇಬೇಕು. ಆ ಜೋಡಣೆಗಳಿಗೆ ತೇವ ತಗುಲಿ ಕಿಲುಬು ಹಿಡಿದರೆ ಕಣ್ಣಾಮುಚ್ಚಾಲೆ ಶುರು. ಹೆಡ್‌ಲೈಟ್, ಫ್ಯಾನ್ ಹಾಕಿಟ್ಟು ಬ್ಯಾಟರಿಯ ನೆಗೆಟಿವ್‌ನಿಂದ ಆ ದೀಪದ ಅರ್ಥ್‌ವರೆಗಿನ ವೋಲ್ಟೇಜ್ ಅಳೆಯಿರಿ. 0.2 ವೋಲ್ಟ್‌ಗಿಂತ ಹೆಚ್ಚಿದ್ದರೆ ಆ ದಾರಿಯ ಮೇಲೆ ಅನುಮಾನಪಡಿ. ವೈರ್ ತುಂಡಾಗಿಲ್ಲ ಎಂದು ಮಲ್ಟಿಮೀಟರ್ ಕೊಡುವ ಬರೀ ಬೀಪ್ ಶಬ್ದ ನಂಬಬೇಡಿ: ಒಂದೇ ಎಳೆ ಉಳಿದ ವೈರೂ ಬೀಪ್ ಅನ್ನುತ್ತದೆ, ಲೋಡ್ ಬಿದ್ದಾಗ, ಅಂದರೆ ಹೆಚ್ಚು ಕರೆಂಟ್ ಹರಿಯಬೇಕಾದಾಗ, ಕೈಕೊಡುತ್ತದೆ. ಅಳೆಯುತ್ತಲೇ ವೈರ್ ಕಟ್ಟನ್ನು ಅಲುಗಾಡಿಸಿ.

ಕಾರಿನೊಳಗಿನ ದೋಷಪತ್ತೆ ವ್ಯವಸ್ಥೆಗೆ (ಓಬಿಡಿ) ಸಿಕ್ಕಿಸಿ ಓದುವ ಓಬಿಡಿ ಸ್ಕ್ಯಾನರ್‌ನ ಬಲ ಬೇರೆ. ಎಂಜಿನ್ನಿನ ಕಂಪ್ಯೂಟರಾದ ಎಂಜಿನ್ ಕಂಟ್ರೋಲ್ ಯುನಿಟ್ ದೋಷ ಬಂದ ಕ್ಷಣದ ಆರ್‌ಪಿಎಂ (ಎಂಜಿನ್ ತಿರುಗುವ ವೇಗ), ಎಂಜಿನ್ ಶಾಖವನ್ನು ದೋಷದ ಕೋಡಿನ ಜೊತೆ ಉಳಿಸಿಟ್ಟಿದ್ದರೆ ಅದನ್ನು ಓದಿ ಹೇಳುತ್ತದೆ. ಓಡುವಾಗ ಮಾತ್ರ ಕಾಡುವ ಎಂಜಿನ್ ದೋಷಕ್ಕೆ ಇದೇ ಮೇಲು. ಆದರೆ ಕೋಡ್ ಹೇಳುವುದು ಯಾವ ಸರ್ಕ್ಯೂಟ್ ಎಂದು ಮಾತ್ರ. ಸೆನ್ಸರ್ ಹೋಯಿತೋ ವೈರ್ ಸಡಿಲವೋ ಹೇಳದು. ಅದನ್ನೇ ನೆಚ್ಚಿ ಸೆನ್ಸರ್ ಬದಲಿಸುವವರ ಜೇಬು ಬೇಗ ಖಾಲಿ. ಯುರೋಪಿನಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಓಬಿಡಿ ವ್ಯವಸ್ಥೆ ಕಡ್ಡಾಯವಾದದ್ದು 2001ರ ಹೊತ್ತಿಗೆ. ಅದಕ್ಕೂ ಹಳೆಯ ಕಾರಾದರೆ ಸಾಮಾನ್ಯ ಸ್ಕ್ಯಾನರ್ ಕೊಳ್ಳುವ ಮುನ್ನ ಹೊಂದುತ್ತದೆಯೇ ವಿಚಾರಿಸಿ.

ಏರ್‌ಬ್ಯಾಗ್ ದೀಪ ಮಿನುಗಿದರೆ ಮಾತ್ರ ಮಲ್ಟಿಮೀಟರ್ ಕೆಳಗಿಡಿ. ಸಾಮಾನ್ಯವಾಗಿ ಹಳದಿ ಬಣ್ಣದ ಆ ಕನೆಕ್ಟರ್‌ಗಳನ್ನು ತಿಳಿದವರೇ ಮುಟ್ಟಲಿ.