ಮಳೆಗಾಲದ ಲ್ಯಾಪ್‌ಟಾಪಿಗೆ ಯಾವ ಬ್ಯಾಟರಿ ಟೂಲ್?

ಶಿರಸಿಯ ಮಳೆಗಾಲದಲ್ಲಿ ಮರ ಲೈನಿನ ಮೇಲೆ ಬಿತ್ತೆಂದರೆ ಕರೆಂಟ್ ಯಾವಾಗ ಬರುತ್ತದೋ ಹೇಳೋದು ಕಷ್ಟ. ಹಾಗಾಗಿ ಇಲ್ಲಿ ಲ್ಯಾಪ್‌ಟಾಪ್ ಎಷ್ಟು ಫಾಸ್ಟ್ ಅನ್ನೋದಕ್ಕಿಂತ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನೋದೇ ನನಗೆ ಮುಖ್ಯ. ನನ್ನದು ಹಳೆಯ ಥಿಂಕ್‌ಪ್ಯಾಡ್. ಡೆಬಿಯನ್ ಎಂಬ ಲಿನಕ್ಸ್ ಮೇಲೆ ಬರೀ ಓಪನ್‌ಬಾಕ್ಸ್ — ವಿಂಡೋಗಳನ್ನಷ್ಟೇ ನೋಡಿಕೊಳ್ಳುವ ಹಗುರ ಪ್ರೋಗ್ರಾಂ, ಪೂರ್ತಿ ಡೆಸ್ಕ್‌ಟಾಪ್ ಅಲ್ಲ. ಹಾಗಾಗಿ ಬ್ಯಾಟರಿ ನೋಡಿಕೊಳ್ಳುವ ಟೂಲನ್ನು ನಾವೇ ಹಾಕಿಕೊಳ್ಳಬೇಕು.

ಮೊದಲು ಪವರ್‌ಟಾಪ್. ಯಾವ ಪ್ರೋಗ್ರಾಂ ಪ್ರೊಸೆಸರನ್ನು ಪದೇ ಪದೇ ಎಬ್ಬಿಸುತ್ತಿದೆ ಎಂದು ಹುಡುಕಲು ಇದು ತುಂಬಾ ಒಳ್ಳೆಯದು. ಆದರೆ ಎಲ್ಲ ಉಳಿತಾಯದ ಸೆಟ್ಟಿಂಗನ್ನೂ ಒಟ್ಟಿಗೆ ಹಾಕುವ ಆಟೋ-ಟ್ಯೂನ್ ಕೊಟ್ಟರೆ ಯುಎಸ್‌ಬಿ ಮೌಸ್ ಕೂಡ ನಿದ್ದೆ ಹೋಗುತ್ತದೆ. ರೀಬೂಟ್ ಆದ ಮೇಲೆ ಸೆಟ್ಟಿಂಗ್ ಉಳಿಯುವುದೂ ಇಲ್ಲ.

ಪವರ್-ಪ್ರೊಫೈಲ್ಸ್-ಡೀಮನ್ ಸರಳ. ಪವರ್-ಸೇವರ್, ಬ್ಯಾಲೆನ್ಸ್‌ಡ್, ಪರ್ಫಾರ್ಮೆನ್ಸ್ ಎಂಬ ಪ್ರೊಫೈಲ್‌ಗಳು, ಅಷ್ಟೇ. ಗ್ನೋಮ್, ಕೆಡಿಇಯಂಥ ಪೂರ್ತಿ ಡೆಸ್ಕ್‌ಟಾಪ್ ಬಳಸುವವರಿಗೆ ಮೆನುವಿನಲ್ಲೇ ಸಿಗುತ್ತದೆ. ಓಪನ್‌ಬಾಕ್ಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ಲೇ ಗತಿ. ಹಳೆಯ ಮೆಷಿನ್ನಿನಲ್ಲಿ ಇದರಿಂದ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ನಾನು ಉಳಿಸಿಕೊಂಡದ್ದು ಟಿಎಲ್‌ಪಿ. ಚಾರ್ಜರ್ ತೆಗೆದ ಕೂಡಲೇ ಪ್ರೊಸೆಸರ್, ಡಿಸ್ಕ್, ಯುಎಸ್‌ಬಿ ಎಲ್ಲದರ ಸೆಟ್ಟಿಂಗನ್ನು ತಾನೇ ಬದಲಿಸುತ್ತದೆ. ಕೀಬೋರ್ಡ್, ಮೌಸ್‌ಗಳನ್ನು ಮಲಗಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಚಾರ್ಜಿನ ಮಿತಿ. ಥಿಂಕ್‌ಪ್ಯಾಡಿನಲ್ಲಿ 75 ಪರ್ಸೆಂಟಿಗೆ ಚಾರ್ಜ್ ಶುರು, 80ಕ್ಕೆ ನಿಲ್ಲು ಎಂದು ಟಿಎಲ್‌ಪಿ ಕಾನ್ಫ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಬರೆದಿಟ್ಟರೆ ಸಾಕು. ಲಿಥಿಯಂ ಬ್ಯಾಟರಿ ಯಾವಾಗಲೂ 100ರಲ್ಲೇ ಕೂತರೆ ಬೇಗ ಹಾಳಾಗುತ್ತದೆ, ಅಲ್ವಾ? ಹಾಗಂತ ಮಳೆಗಾಲದಲ್ಲಿ ಆ 20 ಪರ್ಸೆಂಟ್ ಬಿಡಲಾದೀತೇ? ಅದಕ್ಕೂ ದಾರಿಯಿದೆ. ಮೋಡ ಕಪ್ಪಾದಾಗ, ಕರೆಂಟ್ ಇರುವಾಗಲೇ, ಸುಡೋ (ಅಡ್ಮಿನ್ ಅಧಿಕಾರ) ಹಾಕಿ 'ಟಿಎಲ್‌ಪಿ ಫುಲ್‌ಚಾರ್ಜ್' ಕೊಡುತ್ತೇನೆ. ಆ ಸಲಕ್ಕೆ ಪೂರ್ತಿ ತುಂಬುತ್ತದೆ. ರೀಬೂಟ್ ಆದರೆ ಹಳೆಯ ಮಿತಿ ವಾಪಸ್. ಎಲ್ಲ ಕಂಪನಿಯ ಲ್ಯಾಪ್‌ಟಾಪಿನಲ್ಲೂ ಈ ಮಿತಿ ಸಿಗದು. 'ಟಿಎಲ್‌ಪಿ-ಸ್ಟ್ಯಾಟ್ ಮೈನಸ್ ಬಿ' ಕೊಟ್ಟು ನೋಡಿಕೊಳ್ಳಿ.

ಬ್ಯಾಟರಿ ಎಷ್ಟಿದೆ ಎಂದು ತೋರಿಸಲು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನ ಪವರ್ ಮ್ಯಾನೇಜರ್ ಒಂದು, ಸಿಬ್ಯಾಟಿಕಾನ್ ಇನ್ನೊಂದು. ಮೊದಲನೆಯದು ಬ್ರೈಟ್‌ನೆಸ್, ಮುಚ್ಚಳ ಎಲ್ಲ ನೋಡಿಕೊಳ್ಳುತ್ತದೆ, ಆದರೆ ಅವಲಂಬಿಸುವ ಪ್ಯಾಕೇಜ್ ಜಾಸ್ತಿ. ಸಿಬ್ಯಾಟಿಕಾನ್ ಟ್ರೇಯಲ್ಲಿ ಒಂದು ಐಕಾನ್ ಮಾತ್ರ. ಚಾರ್ಜ್ ತೀರಾ ಕಡಿಮೆಯಾದಾಗ ನಾವು ಹೇಳಿದ ಕಮಾಂಡನ್ನು ಓಡಿಸುತ್ತದೆ. ನಾನು ಸಸ್ಪೆಂಡ್ (ಲ್ಯಾಪ್‌ಟಾಪನ್ನು ಮಲಗಿಸುವುದು) ಕೊಟ್ಟಿಟ್ಟಿದ್ದೇನೆ.

ಟಿಎಲ್‌ಪಿ ಹಾಕುವ ಮುಂಚೆ ಪವರ್-ಪ್ರೊಫೈಲ್ಸ್-ಡೀಮನ್ ತೆಗೆದುಬಿಡಿ. ಎರಡೂ ಒಂದೇ ಸೆಟ್ಟಿಂಗಿಗೆ ಕೈಹಾಕುತ್ತವೆ.