ಒಂದೇ ಕೌಂಟರ್ ಡಾಕ್ಯುಮೆಂಟನ್ನು ನಂಬಿ ರಸೀದಿ ಸಂಖ್ಯೆ ಕೊಡಬೇಡಿ

ಕ್ಲೌಡ್ ಡೇಟಾಬೇಸಿನಿಂದ ಒಂದರ ಹಿಂದೊಂದು ಕ್ರಮಸಂಖ್ಯೆ ಪಡೆಯಬೇಕೆಂದಿರುವವರು, ಕೋಡ್ ಬರೆಯುವ ಮುನ್ನ ನಮಗಾದದ್ದನ್ನು ದಯವಿಟ್ಟು ಓದಿ.

ನಮ್ಮ ನೋಂದಣಿ ತಂತ್ರಾಂಶದಲ್ಲಿ ಪ್ರತಿ ಅರ್ಜಿಗೂ ರಸೀದಿ ಸಂಖ್ಯೆ ಕೊಡಬೇಕಿತ್ತು. ಯಾವ ಸಂಖ್ಯೆಯೂ ಎರಡು ಸಲ ಬರಬಾರದು, ನಡುವೆ ಯಾವುದೂ ಬಿಟ್ಟುಹೋಗಬಾರದು ಎಂಬುದು ಲೆಕ್ಕಪತ್ರ ವಿಭಾಗದ ಷರತ್ತು. ಹಾಗಾಗಿ ಕೊನೆಯದಾಗಿ ಕೊಟ್ಟ ಸಂಖ್ಯೆಯನ್ನು ಹಿಡಿದಿಡುವ ಕೌಂಟರ್ ಎಂಬ ಒಂದೇ ಡಾಕ್ಯುಮೆಂಟ್ (ಡೇಟಾಬೇಸಿನ ಒಂದು ದಾಖಲೆ) ಇಟ್ಟು, ಟ್ರಾನ್ಸಾಕ್ಷನ್ (ಪೂರ್ತಿಯಾಗಿ ನಡೆಯುವ, ಇಲ್ಲವೇ ಪೂರ್ತಿಯಾಗಿ ರದ್ದಾಗುವ ಕೆಲಸಗಳ ಕಟ್ಟು) ಒಳಗೆ ಅದನ್ನು ಓದಿ, ಒಂದು ಕೂಡಿಸಿ, ಮರಳಿ ಬರೆಯುವಂತೆ ಮಾಡಿದೆವು. ಒಂದೇ ಡಾಕ್ಯುಮೆಂಟನ್ನು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಸತತವಾಗಿ ತಿದ್ದಬೇಡಿ ಎಂದು ಆ ಡೇಟಾಬೇಸಿನ ಕೈಪಿಡಿಯಲ್ಲೇ ಇತ್ತು. ನಾವು ಅದನ್ನು ಗಮನಿಸಲಿಲ್ಲ. ಸರ್ವರ್‌ಗಳನ್ನು ಎಷ್ಟೇ ಹೆಚ್ಚಿಸಿದರೂ ಆ ಒಂದು ಡಾಕ್ಯುಮೆಂಟಿನ ಮುಂದೆ ಎಲ್ಲ ವಿನಂತಿಗಳೂ ಸಾಲುಗಟ್ಟಿ ನಿಲ್ಲಲೇಬೇಕು.

ನೋಂದಣಿ ತೆರೆದ ದಿನ ಟ್ರಾನ್ಸಾಕ್ಷನ್‌ಗಳು ಒಂದಕ್ಕೊಂದು ಅಡ್ಡಬಂದು, ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ವಿಫಲವಾಗತೊಡಗಿದವು. ಆ ಒತ್ತಡದಲ್ಲಿ ನಾನು ಟ್ರಾನ್ಸಾಕ್ಷನ್ ತೆಗೆದುಹಾಕಿ ಬರಿಯ ಓದು ಮತ್ತು ಬರಹವನ್ನಷ್ಟೇ ಉಳಿಸಿದೆ; ದೋಷಗಳು ನಿಂತವು, ಸರಿಹೋಯಿತೆಂದೇ ಭಾವಿಸಿದೆ. ಸಂಜೆ ಇಬ್ಬರು ಅರ್ಜಿದಾರರು ತಮ್ಮ ರಸೀದಿಯ ಚಿತ್ರ ಕಳುಹಿಸಿದರು: ಎರಡರಲ್ಲೂ 4187. ಟ್ರಾನ್ಸಾಕ್ಷನ್ ಇಲ್ಲದ್ದರಿಂದ ಇಬ್ಬರ ವಿನಂತಿಗಳೂ ಕೌಂಟರಿನಲ್ಲಿದ್ದ ಅದೇ ಸಂಖ್ಯೆಯನ್ನು ಓದಿದ್ದವು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ರಸೀದಿ ಸಂಖ್ಯೆಯನ್ನೇ ದಾಖಲೆಯ ಕೀ (ಅದನ್ನು ಗುರುತಿಸುವ ಹೆಸರು) ಆಗಿ ಬಳಸಿದ್ದರಿಂದ, ನಂತರ ಬಂದ ಅರ್ಜಿಯು ಮೊದಲಿನದರ ಮೇಲೆಯೇ ಬರೆಯಲ್ಪಟ್ಟು ಅದನ್ನು ಅಳಿಸಿಹಾಕಿತ್ತು.

ಸೀಕ್ವೆನ್ಸ್ (ತಾನಾಗಿಯೇ ಮುಂದಿನ ಸಂಖ್ಯೆ ಕೊಡುವ ಸೌಲಭ್ಯ) ಇರುವ ಡೇಟಾಬೇಸಿಗೆ ಹೋದರೆ ಎಲ್ಲವೂ ಬಗೆಹರಿಯುತ್ತದೆ ಎಂದುಕೊಳ್ಳಬೇಡಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಸೀಕ್ವೆನ್ಸ್ ಒಮ್ಮೆ ಕೊಟ್ಟ ಸಂಖ್ಯೆಯನ್ನು, ಟ್ರಾನ್ಸಾಕ್ಷನ್ ರದ್ದಾದರೂ, ಹಿಂದಕ್ಕೆ ಪಡೆಯುವುದಿಲ್ಲ. ಆದ್ದರಿಂದ ನಕಲು ಬಾರದಿದ್ದರೂ ನಡುವೆ ಸಂಖ್ಯೆಗಳು ಬಿಟ್ಟುಹೋಗುತ್ತವೆ. ಟ್ವಿಟರ್ 2010ರಲ್ಲಿ ಪ್ರಕಟಿಸಿದ ಸ್ನೋಫ್ಲೇಕ್ ಎಂಬ ಸಂಖ್ಯೆ ತಯಾರಿಸುವ ಪದ್ಧತಿಯಲ್ಲಿ 41 ಬಿಟ್ (ದ್ವಿಮಾನ ಅಂಕೆ) ಸಮಯಕ್ಕೆ, 10 ಬಿಟ್ ಯಂತ್ರಕ್ಕೆ, 12 ಬಿಟ್ ಅದೇ ಮಿಲಿಸೆಕೆಂಡಿನೊಳಗಿನ ಎಣಿಕೆಗೆ ಮೀಸಲಾಗಿರುವುದರಿಂದ ಯಂತ್ರಗಳು ಪರಸ್ಪರ ಕೇಳದೆಯೇ ಸಂಖ್ಯೆ ಕೊಡಬಲ್ಲವು, ಆದರೆ ಆ ಸಂಖ್ಯೆಗಳು ಹೆಚ್ಚುಕಡಿಮೆ ಏರುಕ್ರಮದಲ್ಲಿರುತ್ತವೆಯೇ ಹೊರತು 1, 2, 3 ಎಂದು ಬರುವುದಿಲ್ಲ. ಗೂಗಲ್‌ನ ಸ್ಪ್ಯಾನರ್‌ನಂತಹ, ದಾಖಲೆಗಳನ್ನು ಕೀಗಳ ಕ್ರಮದಲ್ಲಿ ಹಲವು ಸರ್ವರ್‌ಗಳಿಗೆ ಹಂಚಿಡುವ ಡೇಟಾಬೇಸಿನಲ್ಲಿ ಏರುತ್ತಲೇ ಹೋಗುವ ಸಂಖ್ಯೆಯನ್ನು ಪ್ರಾಥಮಿಕ ಕೀ ಮಾಡಿದರೆ ಹೊಸ ಬರಹಗಳೆಲ್ಲ ಒಂದೇ ತುದಿಗೆ ಬಿದ್ದು, ಅಲ್ಲಿನ ಸರ್ವರ್ ಮೇಲೆ ಮಾತ್ರ ಹೊರೆ ಏರುತ್ತದೆ.

ಈಗ ಅರ್ಜಿ ಬಂದ ಕೂಡಲೇ ಯಾದೃಚ್ಛಿಕ ಯುಯುಐಡಿಯನ್ನು (ನಕಲಾಗುವ ಸಂಭವ ತೀರಾ ಕಡಿಮೆಯಿರುವ ಉದ್ದನೆಯ ಗುರುತುಸಂಖ್ಯೆ) ಕೀ ಆಗಿಟ್ಟು ಉಳಿಸುತ್ತೇವೆ. ಆ ಕೀ ಆಗಲೇ ಇದ್ದರೆ ಬರಹ ವಿಫಲವಾಗುತ್ತದೆಯೇ ಹೊರತು ಹಳೆಯದನ್ನು ಅಳಿಸುವುದಿಲ್ಲ. ಆಮೇಲೆ ಹಿನ್ನೆಲೆಯಲ್ಲಿ ನಡೆಯುವ ಒಂದೇ ಒಂದು ಪ್ರಕ್ರಿಯೆಯು ಬಾಕಿ ಇರುವ ಅರ್ಜಿಗಳನ್ನು ಗುಂಪಾಗಿ ತೆಗೆದುಕೊಂಡು, ಕೌಂಟರನ್ನು ಒಂದೇ ಸಲ ತಿದ್ದಿ, ಆ ಗುಂಪಿನ ಎಲ್ಲ ರಸೀದಿ ಸಂಖ್ಯೆಗಳನ್ನೂ ಅದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯುತ್ತದೆ. ಅರ್ಜಿದಾರರು ಸಂಖ್ಯೆಗಾಗಿ ತುಸು ಕಾಯಬೇಕಾಗುತ್ತದೆ. ಅದಕ್ಕೆ ಯಾರೂ ಆಕ್ಷೇಪಿಸಿಲ್ಲ. ಟೈಮ್‌ಔಟ್ (ನಿಗದಿತ ಸಮಯದೊಳಗೆ ಉತ್ತರ ಬಾರದ ಸ್ಥಿತಿ) ಬಂದ ಮಾತ್ರಕ್ಕೆ ಬರಹ ಆಗಿಲ್ಲವೆಂದು ಭಾವಿಸದೆ, ಸಂಖ್ಯೆ ಕೊಡುವ ಮುನ್ನ ಆ ಅರ್ಜಿಗೆ ಈಗಾಗಲೇ ಸಂಖ್ಯೆಯಿದೆಯೇ ಎಂದು ನೋಡುವುದನ್ನೂ ಅದೇ ಟ್ರಾನ್ಸಾಕ್ಷನ್ನಿಗೆ ಸೇರಿಸಿದ್ದೇವೆ.

ಅಂದು ಅಳಿಸಿಹೋದ ಅರ್ಜಿಗಳನ್ನು ಅರ್ಜಿದಾರರಿಗೆ ಹೋಗಿದ್ದ ಇಮೇಲ್ ಪ್ರತಿಗಳಿಂದ ಒಂದೊಂದಾಗಿ ಮತ್ತೆ ತುಂಬಿದೆವು. ಇಮೇಲ್ ವಿಳಾಸ ಕೊಡದಿದ್ದವರ ಅರ್ಜಿಗಳು ಸಿಗಲೇ ಇಲ್ಲ.