ವಾಸಿಯಾದ ಮೇಲೆ ಹೇಗಿದೆ? ಟ್ಯಾಟೂ ಕಲಿಯಲು ನಾನು ಹೋದ ಮೂರು ದಾರಿ

ಇರುವ ಕೆಲಸ ಬಿಟ್ಟು ಟ್ಯಾಟೂ ಕಲಿಯಬೇಕು ಎನ್ನುವವರು ಆಗಾಗ ನನ್ನ ಹತ್ತಿರ ಬರುತ್ತಾರೆ. ಬ್ಯಾಂಕಿನವರು, ಸಾಫ್ಟ್‌ವೇರ್‌ನವರು, ಮೊನ್ನೆ ಒಬ್ಬರು ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು. ಎಲ್ಲರೂ ಕೇಳುವುದು ಒಂದನ್ನೇ. ದುಡ್ಡು ಕೊಟ್ಟು ಕೋರ್ಸಿಗೆ ಸೇರೋದಾ, ಮೆಷಿನ್ ತಂದು ಮನೆಯಲ್ಲೇ ಅಭ್ಯಾಸ ಮಾಡೋದಾ, ಇಲ್ಲ ಸ್ಟುಡಿಯೋದಲ್ಲಿ ಯಾರದ್ದಾದರೂ ಕೈಕೆಳಗೆ ನಿಲ್ಲೋದಾ? ನಾನು ಮೂರನ್ನೂ ಮಾಡಿದ್ದೇನೆ, ಇದೇ ಕ್ರಮದಲ್ಲಿ.

ಮೊದಲು ನಾನು ಎಲ್ಲಿಂದ ಬಂದೆ ಎಂದು ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಆರೋಗ್ಯ ವಿಮೆ ಕಂಪನಿಯ ಕ್ಲೇಮ್ ವಿಭಾಗದಲ್ಲಿ 9 ವರ್ಷ ಇದ್ದೆ. ದಿನಕ್ಕೆ 40, 50 ಫೈಲು. ಆಸ್ಪತ್ರೆ ಬಿಲ್ಲು, ಡಿಸ್ಚಾರ್ಜ್ ಚೀಟಿ, ಔಷಧಿ ಪಟ್ಟಿ ನೋಡಿ ಮುಂದಕ್ಕೆ ತಳ್ಳುವುದು. ಸಂಬಳ ಸರಿಯಾಗಿ ಬರುತ್ತಿತ್ತು. ಆದರೆ ಆ ಫೈಲಿನ ಹಿಂದಿದ್ದ ಮನುಷ್ಯ ಮನೆಗೆ ಹೋದನಾ, ಈಗ ಓಡಾಡುತ್ತಿದ್ದಾನಾ ಎನ್ನುವುದು ಒಂದು ದಿನವೂ ಗೊತ್ತಾಗಲಿಲ್ಲ. ನನ್ನನ್ನು ಕೊರೆಯುತ್ತಿದ್ದದ್ದು ಅದೇ. ಚಿತ್ರ ಬಿಡಿಸುವುದು ಚಿಕ್ಕಂದಿನಿಂದ ಬರುತ್ತಿತ್ತು. 31ನೇ ವಯಸ್ಸಿಗೆ ಟ್ಯಾಟೂ ಕಲಿಯುತ್ತೇನೆ ಎಂದಾಗ ಅಮ್ಮ, "ಹಚ್ಚೆ ಹಾಕೋಕೆ ಇಷ್ಟು ಓದಿದ್ಯಾ?" ಎಂದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಹೋದದ್ದು ಕೋರ್ಸಿಗೆ. 15 ದಿನ, 45 ಸಾವಿರ ರೂಪಾಯಿ, ಕೊನೆಗೊಂದು ಸರ್ಟಿಫಿಕೇಟ್. ಆಫೀಸಿಗೆ ರಜೆ ಹಾಕಿ ಹೋದೆ. ಕಲಿತದ್ದೇನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಸೂಜಿಯ ಲೆಕ್ಕ ಅಲ್ಲೇ ಅರ್ಥವಾಗಿದ್ದು. ಪೊಟ್ಟಣದ ಮೇಲೆ 1203 ಆರ್‌ಎಲ್ ಎಂದಿದ್ದರೆ, 12 ಅಂದರೆ ಒಂದೊಂದು ಸೂಜಿ 0.35 ಮಿಲಿಮೀಟರ್ ದಪ್ಪ, 03 ಅಂದರೆ ಮೂರು ಸೂಜಿ, ಆರ್‌ಎಲ್ ಅಂದರೆ ಗೆರೆ ಎಳೆಯುವ ರೌಂಡ್ ಲೈನರ್. ಶೇಡಿಂಗ್‌ಗೆ ಮ್ಯಾಗ್ನಮ್ ಎನ್ನುವ ಅಗಲ ಸೂಜಿ ಬೇರೆ. ಸ್ಟೆನ್ಸಿಲ್, ಅಂದರೆ ಚಿತ್ರದ ಅಚ್ಚು, ಚರ್ಮಕ್ಕೆ ಅಂಟಿಸುವುದು, ಚರ್ಮವನ್ನು ಮೂರು ಕಡೆಯಿಂದ ಬಿಗಿ ಹಿಡಿಯುವುದು, ಇಂಕು ಎಷ್ಟು ಆಳಕ್ಕೆ ಹೋಗಬೇಕು ಎನ್ನುವುದು, ಎಲ್ಲವನ್ನೂ ಹೇಳಿಕೊಟ್ಟರು.

ಆ ಆಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ಕೆಲಸದ ಜೀವ ಇರುವುದೇ ಅಲ್ಲಿ. ಚರ್ಮದ ಮೇಲಿನ ಪದರ ಸುಮಾರು ಒಂದು ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಇಂಕು ಅಲ್ಲಿಯೇ ನಿಂತರೆ ಅದರ ಜೊತೆಗೇ ಹೋಗುತ್ತದೆ. ಅದರ ಕೆಳಗಿನ ಪದರಕ್ಕೆ, ಅಂದರೆ ಒಂದರಿಂದ ಎರಡು ಮಿಲಿಮೀಟರ್ ಒಳಗೆ ಹೋದರೆ ಉಳಿಯುತ್ತದೆ. ಅಲ್ಲಿ ದೇಹದ ಕಾವಲು ಜೀವಕೋಶಗಳು ಬಣ್ಣವನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಅವು ಸತ್ತಾಗ ಬಿಟ್ಟ ಬಣ್ಣವನ್ನು ಹೊಸ ಜೀವಕೋಶಗಳು ಮತ್ತೆ ನುಂಗುತ್ತವೆ ಎಂದು 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಇದನ್ನು ಓದಿದ ದಿನ ನನಗೆ ಬಹಳ ಖುಷಿಯಾಗಿತ್ತು. ನಾವು ಹಾಕಿದ ಗೆರೆಯನ್ನು ಒಂದು ದೇಹ ಕೈಯಿಂದ ಕೈಗೆ ದಾಟಿಸುತ್ತಾ ಕಾಪಾಡುತ್ತದೆ, ಅಲ್ವಾ! ಇನ್ನೂ ಆಳಕ್ಕೆ, ಕೊಬ್ಬಿನ ಪದರಕ್ಕೆ ಇಳಿದರೆ ಮಾತ್ರ ಇಂಕು ಹರಡಿ ಗೆರೆಯ ಸುತ್ತ ನೀಲಿ ಮಂಜು ಕವಿದಂತೆ ಆಗುತ್ತದೆ. ಇದಕ್ಕೆ ಬ್ಲೋಔಟ್ ಎನ್ನುತ್ತಾರೆ.

ಇದೆಲ್ಲ ಕೋರ್ಸಿನಲ್ಲಿ ಬಾಯಲ್ಲಿ ಹೇಳಿದರು. 11ನೇ ದಿನ ಒಬ್ಬ ಹುಡುಗನ ಮುಂಗೈ ಮೇಲೆ ಸಣ್ಣ ಬಾಣದ ಗುರುತು ಹಾಕಿಸಿದರು. ಮುಗಿದಾಗ ಗೆರೆ ಕಪ್ಪಗೆ, ಚೂಪಾಗಿ ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. 15ನೇ ದಿನ ಸರ್ಟಿಫಿಕೇಟ್ ಕೊಟ್ಟರು.

ಟ್ಯಾಟೂ ಹೊರಗಿನಿಂದ ವಾಸಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ಆ ಹುಡುಗನ ಹಕ್ಕಳೆ ಉದುರುವ ಮೊದಲೇ ನನ್ನ ಕೋರ್ಸ್ ಮುಗಿದಿತ್ತು. ಆ ಬಾಣ ಆಮೇಲೆ ಹೇಗಾಯಿತು ಎಂದು ಇವತ್ತಿಗೂ ಗೊತ್ತಿಲ್ಲ. ಮತ್ತೆ ಅದೇ ಕ್ಲೇಮ್ ಫೈಲಿನ ಕಥೆ. ಈ ಒಂದು ಕಾರಣಕ್ಕೇ ಸಣ್ಣ ಕೋರ್ಸನ್ನು ನಾನು ಕೊನೆಗೆ ಇಡುತ್ತೇನೆ. ತಾನು ಹಾಕಿದ ಒಂದೇ ಒಂದು ಟ್ಯಾಟೂ ವಾಸಿಯಾದದ್ದನ್ನೂ ನೋಡದವರಿಗೆ ಆರ್ಟಿಸ್ಟ್ ಎಂಬ ಕಾಗದ ಕೊಡಬಾರದು.

ಎರಡನೆಯದು ಮನೆ. ಕೆಲಸ ಇನ್ನೂ ಬಿಟ್ಟಿರಲಿಲ್ಲ. ರಾತ್ರಿ ಊಟ ಆದಮೇಲೆ ಒಂಬತ್ತೂವರೆಯಿಂದ ಹನ್ನೊಂದೂವರೆ. ಪೆನ್ನಿನ ಆಕಾರದ, ಮೋಟಾರಿನಿಂದ ಓಡುವ ಒಂದು ರೋಟರಿ ಮೆಷಿನ್‌ಗೆ 16 ಸಾವಿರ ಕೊಟ್ಟೆ. ಸಿಲಿಕಾನ್ ಫೇಕ್ ಸ್ಕಿನ್ ಹಾಳೆಗಳನ್ನು ಹತ್ತರ ಲೆಕ್ಕದಲ್ಲಿ ತರಿಸಿದೆ. ಬಾಳೆಹಣ್ಣಿನ ಸಿಪ್ಪೆ, ಕಿತ್ತಳೆ ಹಣ್ಣು, ಎಲ್ಲದರ ಮೇಲೂ ಗೆರೆ ಎಳೆದೆ. ಕಿತ್ತಳೆ ಒಳ್ಳೆಯ ಗುರು. ಗುಂಡಗಿರುವುದರ ಮೇಲೆ ನೇರ ಗೆರೆ ಎಳೆಯುವ ಕಷ್ಟ ಅದು ಕಲಿಸುತ್ತದೆ. ಆಳ ಜಾಸ್ತಿಯಾದರೆ ರಸ ಬರುತ್ತದೆ.

ಏಳು ತಿಂಗಳು ಹೀಗೆ ನಡೆಯಿತು. ಕೈ ಬಹಳ ಸುಧಾರಿಸಿತು. ಖರ್ಚಿನಲ್ಲಿ, ನೆಮ್ಮದಿಯಲ್ಲಿ ಇದು ಕೋರ್ಸಿಗಿಂತ ಎಷ್ಟೋ ಮೇಲು. ಯಾರ ಗಡಿಬಿಡಿಯೂ ಇಲ್ಲ. ಒಂದೇ ವೃತ್ತವನ್ನು ನೂರು ಸಲ ಹಾಕಬಹುದು. ಆದರೆ ಸಿಲಿಕಾನ್ ಊದಿಕೊಳ್ಳುವುದಿಲ್ಲ. ರಕ್ತ ಬರುವುದಿಲ್ಲ. ನೋವಿಗೆ ಕೈ ಎಳೆದುಕೊಳ್ಳುವುದಿಲ್ಲ. ಮುಖ್ಯವಾಗಿ, ಅದು ವಾಸಿಯೂ ಆಗುವುದಿಲ್ಲ.

ಆ ದಿನಗಳಲ್ಲೇ ಮೆಷಿನ್ ಇಲ್ಲದೆ, ಬರೀ ಸೂಜಿ ಹಿಡಿದು ಚುಕ್ಕೆ ಚುಕ್ಕೆಯಾಗಿ ಹಾಕುವುದನ್ನೂ ಮಾಡಿ ನೋಡಿದೆ. ಈಗ ಅದಕ್ಕೆ ಹ್ಯಾಂಡ್ ಪೋಕ್ ಎನ್ನುತ್ತಾರೆ. ನಮ್ಮ ಹಾಸನದ ಕಡೆ ಅಜ್ಜಿ ಹೇಳುತ್ತಿದ್ದದ್ದು ಹಚ್ಚೆ ಹುಯ್ಯಿಸಿಕೊಳ್ಳೋದು ಎಂದು. ಸುಗ್ಗಿ ಮುಗಿದ ಮೇಲೆ ಕೊರವಂಜಿಯರು ಊರಿಗೆ ಬರುತ್ತಿದ್ದರಂತೆ. ದೀಪದ ಕಪ್ಪನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ, ನೋವು ಮರೆಯಲಿ ಎಂದು ಪದ ಹೇಳುತ್ತಾ ಚುಚ್ಚುತ್ತಿದ್ದರಂತೆ. ಅಜ್ಜಿಯ ಮೊಣಕೈಯಿಂದ ಮಣಿಕಟ್ಟಿನವರೆಗೆ ತುಳಸಿ ಕಟ್ಟೆ, ಚೇಳು, ಸಾಲು ಚುಕ್ಕೆಗಳಿದ್ದವು. ಕಪ್ಪು ಹಸಿರಾಗಿತ್ತು, ಗೆರೆ ಅಗಲವಾಗಿತ್ತು, ಆದರೆ ಒಂದು ಚುಕ್ಕೆಯೂ ಅಳಿದಿರಲಿಲ್ಲ. ಸತ್ತಾಗ ಒಡವೆ ಎಲ್ಲ ತೆಗೆದುಬಿಡುತ್ತಾರೆ, ಹಚ್ಚೆ ಒಂದೇ ಜೊತೆಗೆ ಬರೋದು ಎಂದು ಅಜ್ಜಿ ನಂಬಿದ್ದರು.

ನನ್ನ ಮೀನಖಂಡದ ಮೇಲೆ ನಾನೇ ಎರಡು ಗುರುತು ಹಾಕಿಕೊಂಡೆ. ಒಂದು ಸೂಜಿಯಿಂದ ಒಂಬತ್ತು ಚುಕ್ಕೆಯ ರಂಗೋಲಿ. ಇನ್ನೊಂದು ಮೆಷಿನ್‌ನಿಂದ ಒಂದು ಎಲೆ. ತಿಂಗಳ ನಂತರ ರಂಗೋಲಿ ಅಚ್ಚುಕಟ್ಟಾಗಿ ನಿಂತಿತ್ತು. ಎಲೆಯ ಒಂದು ಬದಿ ನೀಲಿಯಾಗಿ ಹರಡಿತ್ತು. ಕೈಯಲ್ಲಿ ಚುಚ್ಚುವಾಗ ಚರ್ಮ ಒತ್ತಿ ಬಿಡುವುದು ಬೆರಳಿಗೆ ಗೊತ್ತಾಗುತ್ತದೆ. ಮೆಷಿನ್ ನಿಮಿಷಕ್ಕೆ ಸಾವಿರಾರು ಸಲ ಚುಚ್ಚುತ್ತದೆ, ತಪ್ಪು ಅಷ್ಟೇ ವೇಗವಾಗಿ ಆಗುತ್ತದೆ. ಚುಕ್ಕೆ, ಸಣ್ಣ ಚಿತ್ರಕ್ಕೆ ಸೂಜಿ ಒಳ್ಳೆಯದು. ಉದ್ದ ಗೆರೆ, ದೊಡ್ಡ ಶೇಡಿಂಗ್‌ಗೆ ಮೆಷಿನ್ ಬೇಕೇ ಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮನೆಯಲ್ಲಿ ಅಭ್ಯಾಸಕ್ಕೆಂದು ತಮ್ಮ, ಸ್ನೇಹಿತೆ, ಪಕ್ಕದ ಮನೆ ಹುಡುಗ ಎಂದು ಯಾರ ಮೈಮೇಲೂ ಸೂಜಿ ಇಡಬೇಡಿ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಮೂರೂ ರಕ್ತದಿಂದ ಹರಡುವಂಥವು. ನಾನು ನನ್ನ ಕಾಲು ದಾಟಿ ಹೋಗಲಿಲ್ಲ.

ಮೂರನೆಯದು ಸ್ಟುಡಿಯೋ. ಎಲೆಯ ಬ್ಲೋಔಟ್ ನೋಡಿದ ಮೇಲೆ, ತಪ್ಪಾಗುವ ಕ್ಷಣದಲ್ಲೇ ಕೈ ಹಿಡಿಯುವವರು ಬೇಕು ಎನ್ನಿಸಿತು. ಐದಾರು ಕಡೆ ಕೇಳಿದೆ. ಕೊನೆಗೆ ಜಯನಗರದ ಕಡೆ ಒಬ್ಬರು ಒಪ್ಪಿದರು. ನನಗಿಂತ ಐದು ವರ್ಷ ಚಿಕ್ಕವರು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಷರತ್ತು ಎರಡೇ. ಮೊದಲ ಎಂಟು ತಿಂಗಳು ಸಂಬಳ ಇಲ್ಲ. ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿರಬೇಕು. ಅದು ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೋರ್ಸಿನಲ್ಲಿ ಇದರ ಮಾತೇ ಬಂದಿರಲಿಲ್ಲ. ಆ ಸಂಜೆಯೇ ಹೋಗಿ ಮೊದಲ ಡೋಸ್ ಹಾಕಿಸಿಕೊಂಡೆ. ಮರುದಿನ ಆಫೀಸಿಗೆ ರಾಜೀನಾಮೆ ಕೊಟ್ಟೆ.

ಮೊದಲ ನಾಲ್ಕು ತಿಂಗಳು ಮೆಷಿನ್ ಮುಟ್ಟಲಿಲ್ಲ. ಕುರ್ಚಿ ಒರೆಸುವುದು, ಪ್ಲಾಸ್ಟಿಕ್ ಸುತ್ತುವುದು, ಬಳಸಿದ ಸೂಜಿಯನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಹಾಕುವುದು, ಸ್ಟೆನ್ಸಿಲ್ ತೆಗೆಯುವುದು. ಗ್ರಾಹಕರ ಮುಂದೆಯೇ ಹೊಸ ಕಾರ್ಟ್ರಿಡ್ಜ್, ಅಂದರೆ ಸೂಜಿ ಇರುವ ಕೊಳವೆ, ಒಡೆಯಬೇಕು. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟಿದರೆ ಗ್ಲೌಸ್ ಬದಲಿಸಬೇಕು. ಇದು ಒಂದು ದಿನದಲ್ಲಿ ಹೇಳಿಕೊಡುವ ಪಾಠ, ಮೈಗೆ ಹತ್ತಲು ತಿಂಗಳುಗಳೇ ಬೇಕು.

ಹಳೆಯ ಕಾಯಿಲ್ ಮೆಷಿನ್ ಹಿಡಿದದ್ದೂ ಅಲ್ಲೇ. ಎರಡು ತಾಮ್ರದ ಸುರುಳಿ, ಒಂದು ಸ್ಪ್ರಿಂಗ್, ಜೇನುಗೂಡಿನಂಥ ಗುಂಯ್ ಸದ್ದು. ಭಾರ ಜಾಸ್ತಿ, ಟ್ಯೂನ್ ಮಾಡಲು ಬರಬೇಕು. ಒಂದು ಗಂಟೆಗೆ ಮಣಿಕಟ್ಟು ನೋಯುತ್ತದೆ. ರೋಟರಿ ಹಗುರ, ಸದ್ದಿಲ್ಲ. ಅದು ಹೊಸ ಕಾಲದ್ದು ಎಂದುಕೊಂಡಿದ್ದೆ. ಆದರೆ 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಪೇಟೆಂಟ್ ಪಡೆದ ಮೊದಲ ವಿದ್ಯುತ್ ಟ್ಯಾಟೂ ಮೆಷಿನ್ ಎಡಿಸನ್ನರ ವಿದ್ಯುತ್ ಪೆನ್ನಿನಿಂದ ಹುಟ್ಟಿದ್ದು, ರೋಟರಿ ಜಾತಿಯದ್ದೇ. ನನ್ನ ಕೈಗೆ ರೋಟರಿ ಹೊಂದಿತು. ಸರ್ ಇವತ್ತಿಗೂ ದಪ್ಪ ಗೆರೆಗೆ ಕಾಯಿಲ್ ಬಿಡುವುದಿಲ್ಲ.

ಐದನೇ ತಿಂಗಳು ಮೊದಲ ಗೆರೆ ಎಳೆದೆ, ಸರ್ ಅವರದೇ ಮೊಣಕಾಲಿನ ಮೇಲೆ. ಅರ್ಧಕ್ಕೆ, "ಅಕ್ಕ, ಕೈ ನಿಲ್ಲಿಸಿ. ಚರ್ಮ ಹಿಡಿದಿಲ್ಲ ನೀವು" ಎಂದರು. ಏಳು ತಿಂಗಳು ಮನೆಯಲ್ಲಿ ಮಾಡಿದ್ದ ತಪ್ಪು ಅದೇ. ಎಡಗೈಯ ಬಿಗಿತ ಸಾಲದೆ ಬಲಗೈ ಆಳಕ್ಕೆ ಒತ್ತುತ್ತಿತ್ತು. ಸಿಲಿಕಾನ್ ಹಾಳೆ ತಾನೇ ಬಿಗಿಯಾಗಿರುವುದರಿಂದ ಅದು ಗೊತ್ತೇ ಆಗಿರಲಿಲ್ಲ.

ಬೇಡ ಎನ್ನುವುದನ್ನೂ ಸ್ಟುಡಿಯೋದಲ್ಲೇ ಕಲಿತೆ. ಸೇನೆಗೆ ಸೇರಲು ತಯಾರಿ ನಡೆಸಿದ್ದ ಒಬ್ಬ ಹುಡುಗ ಕುತ್ತಿಗೆ ಮೇಲೆ ಹುಲಿ ಬೇಕು ಎಂದು ಬಂದ. ಸೇನೆಯ ನೇಮಕಾತಿಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂದೋಳಿನ ಒಳಬದಿ ಮತ್ತು ಹಸ್ತದ ಹಿಂಬದಿ, ಇಷ್ಟಕ್ಕೇ ಅವಕಾಶ. ಬುಡಕಟ್ಟುಗಳ ಸಂಪ್ರದಾಯದ ಹಚ್ಚೆಗೆ ಮಾತ್ರ ವಿನಾಯಿತಿ. ಸರ್ ಅವನಿಗೆ ಟೀ ಕುಡಿಸಿ, ಇದನ್ನು ತಿಳಿಸಿ ಕಳಿಸಿದರು. ಆ ದಿನ ಬೇರೆ ಕೆಲಸವೂ ಇರಲಿಲ್ಲ. ಆದರೂ ಕಳಿಸಿದರು.

ಲೆಕ್ಕ ನೋಡಿದರೆ ಮೂರರಲ್ಲಿ ಇದೇ ದುಬಾರಿ. ಫೀಸು ಇಲ್ಲ ನಿಜ. ಆದರೆ ಎಂಟು ತಿಂಗಳ ಸಂಬಳ ಹೋಯಿತು. ಕೂಡಿಟ್ಟಿದ್ದ 2 ಲಕ್ಷ 80 ಸಾವಿರದಲ್ಲಿ ಉಳಿದದ್ದು 30 ಸಾವಿರ. ಒಂಬತ್ತನೇ ತಿಂಗಳಿಂದ ನಾನು ಮಾಡಿದ ಕೆಲಸದಲ್ಲಿ ನೂರಕ್ಕೆ 40 ನನ್ನದು, 60 ಸ್ಟುಡಿಯೋದ್ದು. ಈಗ 50 ಆಗಿದೆ. ತಿಂಗಳ ಗಳಿಕೆ ಹಳೆಯ ಸಂಬಳಕ್ಕೆ ಸಮ ಬರಲು ಎರಡು ವರ್ಷ ಬೇಕಾಯಿತು. ಮಳೆಗಾಲದಲ್ಲಿ ಈಗಲೂ ಕಡಿಮೆ. ಮನೆ ಸಾಲದ ಕಂತು ಇರುವವರಿಗೆ ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ. ರಾತ್ರಿ ಮನೆಯಲ್ಲಿ ಚಿತ್ರ, ಕಿತ್ತಳೆ, ಸಿಲಿಕಾನ್. ಶನಿವಾರ ಭಾನುವಾರ ಒಂದು ಸ್ಟುಡಿಯೋದಲ್ಲಿ ಕುರ್ಚಿ ಒರೆಸುವುದು. ಹೀಗೆ ಎರಡನೆಯ ದಾರಿ ಮತ್ತು ಮೂರನೆಯ ದಾರಿಯನ್ನು ಸೇರಿಸಿಕೊಳ್ಳಿ. ನಿಧಾನ ಆಗುತ್ತದೆ, ಆಗಲಿ. ಕೋರ್ಸಿನ ದುಡ್ಡು ಸೂಜಿಗೆ, ಲಸಿಕೆಗೆ ಇರಲಿ.

ನಾನು ಮೂರನೆಯದನ್ನೇ ಮೇಲೆ ಇಡುವುದಕ್ಕೆ ದೊಡ್ಡ ಕಾರಣ, ಅಲ್ಲಿ ಜನ ತಿರುಗಿ ಬರುತ್ತಾರೆ. ತಿಂಗಳಾದ ಮೇಲೆ ಟಚ್ ಅಪ್‌ಗೆ ಬಂದವರ ಕೈಯನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಎಲ್ಲಿ ಇಂಕು ಉಳಿದಿಲ್ಲ, ಎಲ್ಲಿ ಗೆರೆ ದಪ್ಪವಾಗಿದೆ, ಎಲ್ಲವೂ ಅಲ್ಲಿ ಬರೆದಿಟ್ಟಂತೆ ಇರುತ್ತದೆ. ನನ್ನ ಪಾಠ ನಡೆದದ್ದು ಹಾಗೆ.

ಕಳೆದ ವರ್ಷ ಮಂಡ್ಯದ ಕಡೆಯ ಒಬ್ಬರು ಬಂದರು. ಐವತ್ತರ ಮೇಲಿನ ಹೆಂಗಸು. ತೀರಿಹೋದ ತಾಯಿಯ ಕೈಯ ಫೋಟೋ ತಂದಿದ್ದರು. ಅದರಲ್ಲಿ ಹಳೆಯ ಹಚ್ಚೆ, ಹದಿನೇಳು ಚುಕ್ಕೆ, ನಡುವೆ ಒಂದು ತುಳಸಿ ಕಟ್ಟೆ. ಹಾಗೇ ಬೇಕು, ಸೊಟ್ಟ ಇದ್ದದ್ದು ಸೊಟ್ಟವೇ ಇರಲಿ ಎಂದರು. ಮೆಷಿನ್ ಪಕ್ಕಕ್ಕಿಟ್ಟು ಸೂಜಿಯಲ್ಲೇ ಹಾಕಿದೆ. ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ತಾಯಿಯ ಬಗ್ಗೆ ಮಾತಾಡಿದರು.

ಐದು ವಾರ ಬಿಟ್ಟು ಮತ್ತೆ ಬಂದರು. ಕೈ ಚಾಚಿದರು. ಮಣಿಕಟ್ಟಿನ ಹತ್ತಿರ ಎರಡು ಚುಕ್ಕೆ ಮಸುಕಾಗಿದ್ದವು. ಅಲ್ಲಿ ಚರ್ಮ ಮಡಚುತ್ತದೆ, ಇಂಕು ಸರಿಯಾಗಿ ನಿಂತಿರಲಿಲ್ಲ. ಉಳಿದ ಹದಿನೈದೂ ಗಟ್ಟಿಯಾಗಿದ್ದವು. "ಸ್ನಾನ ಮಾಡುವಾಗ ಕೈ ನೋಡಿಕೊಂಡರೆ ಅಮ್ಮನ ಕೈ ಥರಾನೇ ಕಾಣುತ್ತೆ ಕಣಮ್ಮ" ಎಂದರು. ಹೊಸ ಸೂಜಿ ಒಡೆದು, ಆ ಎರಡು ಚುಕ್ಕೆಗಳನ್ನು ಮತ್ತೆ ಹಾಕಿದೆ.